ಉಮಿ ಬೂದಿಯ ಮಳೆಗಾಲ

ಹೋದ ವಾರ ಮಾಟುಂಗದ ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಒಂದು ನಾಮಕರಣದ ಊಟವಿತ್ತು. ಹೊರಗೆ ಮಳೆ ಬೆಳಗಿನಿಂದ ಒಂದೇ ಸಮನೆ ಸುರಿಯುತ್ತಿತ್ತು. ಒಳಗೆ ಕಾಲಿಟ್ಟ ಕೂಡಲೇ ಮುಂಬಯಿಯ ಮಳೆಗಾಲದ ಪರಿಚಿತ ವಾಸನೆ: ನೆನೆದ ಸುಣ್ಣ, ಒಣಗದ ಬಟ್ಟೆ, ಮಡಚಿಟ್ಟ ಜಮಖಾನೆ, ಎಲ್ಲ ಬೆರೆತದ್ದು. ನನಗೆ ಜಾಗ ಸಿಕ್ಕಿದ್ದು ಪಶ್ಚಿಮದ ಗೋಡೆಯ ಪಕ್ಕ. ಕೂತು ಎಲೆಗೆ ನೀರು ಚಿಮುಕಿಸುವಾಗ ಗಮನಕ್ಕೆ ಬಂತು, ಆ ಗೋಡೆಯ ಕಡೆಯಿಂದ ಮಾತ್ರ ಯಾವ ವಾಸನೆಯೂ ಇಲ್ಲ. ಪಕ್ಕದಲ್ಲಿ ಕೂತ ಹೆಂಗಸು ತಮ್ಮ ರೇಷ್ಮೆ ಸೀರೆ ಗೋಡೆಗೆ ತಾಗದ ಹಾಗೆ ಸೆರಗನ್ನು ಎಳೆದು ಮಡಿಲಲ್ಲಿಟ್ಟುಕೊಂಡರು.

"ತಾಗಿದ್ರೂ ಅಡ್ಡಿಲ್ಲ. ಈ ಗೋಡೆ ಒಣಗಿಯೇ ಇರ್ತದೆ" ಎಂದೆ.

"ನಿಮಗೆ ಹೇಗೆ ಗೊತ್ತು?"

"ಗೊತ್ತುಂಟು" ಎಂದೆ. ಅಷ್ಟರಲ್ಲಿ ಕೋಸಂಬರಿ ಬಂತು.

ಐದು ಮಳೆಗಾಲದ ಹಿಂದೆ ಆ ಗೋಡೆಗೆ ಲೇಪ ಹಚ್ಚಿದವರು ಇವರು, ಅಂದರೆ ನನ್ನ ಗಂಡ ಸುಧಾಕರ. ಬಕೆಟ್ ಹಿಡಿದು ನಿಂತವಳು ನಾನು.

ಚೆಂಬೂರಿನ ನಮ್ಮ ಬಿಲ್ಡಿಂಗಿನಿಂದ ಇವರ ಫ್ಯಾಕ್ಟರಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಗೋಡೆಗೆ ಹಚ್ಚುವ ಬಣ್ಣ, ಪುಟ್ಟಿ, ನೀರು ಸೋರದಂತೆ ಬಳಿಯುವ ಲೇಪ, ಇಂಥವನ್ನೆಲ್ಲ ಮಾಡುವ ಒಂದು ಸಣ್ಣ ಕಂಪನಿ. ಅದನ್ನು ಕಟ್ಟಿದವರು ದೊಡ್ಡ ಶೇಠ್. ಅವರಿಗೆ ಬೀಗದ ಮೇಲೆ ನಂಬಿಕೆ. ಮಿಶ್ರಣ ಮಾಡುವ ಕೋಣೆಗೆ ಹಗಲಿಗೂ ಬೀಗ. ಒಳಗೆ ಹೋಗುವ ಸರಕಿನ ಚೀಲಗಳ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ನಾಲ್ಕು ಎರಡು ಚೀಲ, ಹನ್ನೊಂದು ಅರ್ಧ ಚೀಲ ಎಂದು ಕೂಗಿದರೆ ಕೆಲಸದವರು ಸುರಿಯುತ್ತಿದ್ದರು. ನಾಲ್ಕು ಎಂದರೆ ಏನು ಎಂದು ಇಪ್ಪತ್ತು ವರ್ಷ ಚೀಲ ಹೊತ್ತವರಿಗೂ ಗೊತ್ತಿರಲಿಲ್ಲ.

ಮಗ, ಚಿಕ್ಕ ಶೇಠ್, ಹೊರದೇಶದಲ್ಲಿ ಓದಿ ಬಂದವನು. ಅವನು ಗಾಜಿನ ಬಾಗಿಲಿನ ಒಂದು ಪ್ರಯೋಗಾಲಯ ಮಾಡಿಸಿ ಇವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿದ. ಕೈಕೆಳಗೆ ಎಂಎಸ್ಸಿ ಮಾಡಿದ ಇಬ್ಬರು ಹುಡುಗಿಯರು. ಆಮೇಲೆ ಒಂದು ಯಂತ್ರ ಬಂತು. ಕಪಾಟಿನಷ್ಟು ದೊಡ್ಡದು. ಅದರೊಳಗೆ ಬಣ್ಣದ ಹಲಗೆಯಿಟ್ಟರೆ ಒಂದು ವರ್ಷದ ಬಿಸಿಲು ಮಳೆಯನ್ನು ಕೆಲವೇ ವಾರಗಳಲ್ಲಿ ಉಣಿಸುತ್ತದಂತೆ. ಇವರು ಅದನ್ನು ಪೆಟ್ಟಿಗೆ ಮಳೆಗಾಲ ಎನ್ನುತ್ತಿದ್ದರು.

ಏಳು ವರ್ಷ ಇವರು ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ಮುಂಬಯಿಯಲ್ಲಿ ಗೋಡೆ ಸೋರುವುದು ಮಳೆಗಾಲದಲ್ಲಿ. ಆದರೆ ಪೇಟೆಯಲ್ಲಿ ಸಿಗುವ ಲೇಪ ಹಚ್ಚಲು ಗೋಡೆ ಒಣಗಬೇಕು, ಗೋಡೆ ಒಣಗುವುದು ಮಳೆ ಹೋದ ಮೇಲೆ, ಮಳೆ ಹೋದ ಮೇಲೆ ಯಾರಿಗೂ ಗೋಡೆಯ ನೆನಪಿರುವುದಿಲ್ಲ. ಒದ್ದೆ ಗೋಡೆಗೇ ಹಚ್ಚಬಹುದಾದ ಲೇಪ ಬೇಕು. ಇವರ ಊರು ಕುಂದಾಪುರದ ಕಡೆ. ಸಣ್ಣವರಿದ್ದಾಗ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದನ್ನು ನೋಡಿದ್ದರು. ಅಲ್ಲಿಂದ ಶುರುವಾದದ್ದು. ಆ ಎಣ್ಣೆಯನ್ನು ಕಾಯಿಸಿ, ಒಂದು ಹದಕ್ಕೆ ಬಂದಾಗ ಭತ್ತದ ಉಮಿ ಸುಟ್ಟ ಬೂದಿಯನ್ನು ಬೆರೆಸಬೇಕು. ಉಮಿ ಎಂದರೆ ಅಕ್ಕಿಯ ಮೇಲಿನ ಸಿಪ್ಪೆ, ಗಿರಣಿಯವರು ಹೊರಗೆ ರಾಶಿ ಹಾಕುವಂಥದ್ದು. ಈ ಎರಡು ಸೇರಿದರೆ ಲೇಪ ಒದ್ದೆ ಗೋಡೆಯನ್ನು ಬಿಡುವುದಿಲ್ಲ.

ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಕೈಗವಸು ಹಾಕಿದರೂ ಇವರ ಬೆರಳ ತುದಿಗಳು ಸಿಪ್ಪೆ ಎದ್ದು ನುಣ್ಣಗಾಗಿದ್ದವು. ಫ್ಯಾಕ್ಟರಿಯ ಹಾಜರಿ ಯಂತ್ರಕ್ಕೆ ಇವರ ಹೆಬ್ಬೆಟ್ಟಿನ ಗುರುತೇ ಸಿಗುತ್ತಿರಲಿಲ್ಲ. ವಾಚ್‌ಮನ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

ಇದೆಲ್ಲ ನನಗೆ ಗೊತ್ತಿದ್ದದ್ದು ಊಟದ ಹೊತ್ತಿನ ಮಾತಿನಿಂದ. ಇವರು ಹೊರಗೆ ಹೆಚ್ಚು ಮಾತಿನವರಲ್ಲ. ಎಂಟು ಗಂಟೆಗೆ ತಟ್ಟೆ ಮುಂದಿಟ್ಟರೆ ಮಾತ್ರ ಶುರು. ನಾನು ಕಾನ್ವೆಂಟಿನಲ್ಲಿ ಓದಿದವಳು, ವಿಜ್ಞಾನವನ್ನು ಎಂಟನೆಯ ಕ್ಲಾಸಿನಲ್ಲೇ ದೇವರಿಗೆ ಬಿಟ್ಟವಳು. ಆದರೂ ಇವರು ನನಗೆ ತಿಳಿಯುವ ಹಾಗೆ ಹೇಳುತ್ತಿದ್ದರು. ಪೇಟೆಂಟ್ ಎಂದರೆ ಏನೆಂದು ಹೇಳಿದ್ದು ಸಾರಿನ ಬಟ್ಟಲು ತೋರಿಸಿ.

"ನೋಡು, ಈ ಸಾರು ಉಂಡವನಿಗೆ ಇದರಲ್ಲಿ ಎಂತೆಂತ ಉಂಟು ಅಂತ ಗೊತ್ತಾಗ್ತದೆ. ಕೊತ್ತಂಬರಿ, ಮೆಂತೆ, ಇಂಗು. ಆದರೆ ಮೆಂತೆ ಎಷ್ಟು ಹುರಿದಿ, ಯಾವ ಪರಿಮಳಕ್ಕೆ ಒಲೆ ಆರಿಸಿದಿ, ಅದು ಗೊತ್ತಾಗುವುದಿಲ್ಲ. ಅಲ್ವಾ?"

"ಹೌದು."

"ಹಾಗೇ. ನಮ್ಮ ಡಬ್ಬಿ ಒಂದು ತಗೊಂಡು ಹೋಗಿ ಪರೀಕ್ಷೆ ಮಾಡಿದ್ರೆ ದೊಡ್ಡ ಕಂಪನಿಯವರಿಗೆ ವಾರದಲ್ಲಿ ಎಣ್ಣೆ, ಬೂದಿ ಎರಡೂ ಸಿಗ್ತದೆ. ಸಿಗುವಂಥದ್ದನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಅದಕ್ಕೆ ಪೇಟೆಂಟ್ ಮಾಡಿಸಬೇಕು. ಎಲ್ಲ ಬರೆದು ಕೊಟ್ಟುಬಿಡುವುದು, ಸರ್ಕಾರ ಇದು ಇಂಥವರದ್ದು ಅಂತ ಇಪ್ಪತ್ತು ವರ್ಷ ಕಾಯ್ತದೆ. ಎಣ್ಣೆಯ ಹದ ಉಂಟಲ್ಲ, ಅದು ಡಬ್ಬಿ ಒಡೆದ್ರೂ ಸಿಗುವುದಿಲ್ಲ. ಅದಕ್ಕೆ ಬೀಗವೇ ಸರಿ."

"ಆ ಹದ ನೀವು ಹೇಗೆ ತಿಳಿಯುವುದು?"

"ಮೂಗು" ಎಂದರು. "ಆ ಇಬ್ಬರು ಹುಡುಗಿಯರಿಗೆ ಎರಡು ವರ್ಷದಿಂದ ಕಲಿಸ್ತಾ ಇದ್ದೇನೆ. ಥರ್ಮಾಮೀಟರ್ ನೋಡ್ತಾರೆ. ಥರ್ಮಾಮೀಟರಿಗೆ ಮೂಗಿಲ್ಲ."

ಕಂಪನಿಯಲ್ಲಿ ಅಪ್ಪ ಮಗನಿಗೆ ಈ ವಿಷಯದಲ್ಲೇ ಒಂದು ವರ್ಷ ಎಳೆದಾಟವಾಯಿತು. ದೊಡ್ಡ ಶೇಠ್‌ಗೆ ಬರೆದು ಕೊಡುವುದೇ ಹುಚ್ಚುತನ. ಊರಿಗೆಲ್ಲ ಕೀಲಿಕೈ ಹಂಚಿ ಆಮೇಲೆ ಬೀಗ ಹಾಕುತ್ತೀಯಾ ಎಂದು ಕೇಳಿದರಂತೆ. ಮಗ ಯಂತ್ರದ ಕಡೆ ಬೆರಳು ತೋರಿಸಿ, "ಪಪ್ಪಾ, ಇಷ್ಟು ದುಡ್ಡು ಸುರಿದ ಮೇಲೆ ಕೈಯಲ್ಲಿ ಒಂದು ಕಾಗದವಾದರೂ ಬೇಡವಾ?" ಎಂದನಂತೆ. ಇವರು ಅದನ್ನು ಹೇಳಿ ನಕ್ಕರು. "ಪುಕ್ಕಟೆ ಸಿಕ್ಕಿದ್ದಕ್ಕೆ ಬೀಗ ಸಾಕು. ಏಳು ವರ್ಷ ಖರ್ಚು ಮಾಡಿ ಸಿಕ್ಕಿದ್ದಕ್ಕೆ ನಾಲ್ಕು ಜನರಿಗೆ ತೋರಿಸುವ ಕಾಗದ ಬೇಕಾಗ್ತದೆ."

ಕೊನೆಗೆ ಮಗ ಗೆದ್ದ. ಲೇಪದಲ್ಲಿ ಏನಿದೆ ಎಂಬುದಕ್ಕೆ ಪೇಟೆಂಟ್, ಹದಕ್ಕೆ ಬೀಗ. ಕಾಗದದಲ್ಲಿ ಸಂಶೋಧಕ ಎಂಬಲ್ಲಿ ಇವರ ಹೆಸರು. ಅಪ್ಪ ಒಂದು ಷರತ್ತು ಹಾಕಿದರು: ಕಾಗದ ಬಂದರೆ ಪ್ರಯೋಗಾಲಯ ಇರಲಿ, ಬರದಿದ್ದರೆ ಮುಚ್ಚು. ಅಂದು ಇವರು ಒಂದು ತುತ್ತು ಹೆಚ್ಚೇ ಉಂಡರು.

ಅದು ಮೇ ತಿಂಗಳು. ಅರ್ಜಿ ಹಾಕುವ ಮೊದಲು ನಿಜವಾದ ಹಳೆಯ ಗೋಡೆಯ ಮೇಲೆ, ನಿಜವಾದ ಮಳೆಯಲ್ಲಿ ಒಂದು ಪರೀಕ್ಷೆ ಆಗಲಿ ಎಂದಿತು ಕಂಪನಿ. ಇವರಿಗೆ ಹೊಳೆದದ್ದು ಸಂಘದ ಸಭಾಂಗಣ. ಅದರ ಪಶ್ಚಿಮದ ಗೋಡೆ ಪ್ರತಿ ವರ್ಷ ಬೆವರುತ್ತಿತ್ತು. ಚಿಕ್ಕ ಶೇಠ್ ಒಪ್ಪಿದ. ಸಂಘದ ಕಾರ್ಯದರ್ಶಿ ವಾಮನಣ್ಣನಿಗೆ ಕುಣಿಯುವುದೊಂದು ಬಾಕಿ. ಕಿಂಗ್ಸ್ ಸರ್ಕಲ್ ಹತ್ತಿರ ಹೋಟೆಲ್ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು ಅವರು, ಉಡುಪಿಯವರು.

"ಸುಧಾಕರಣ್ಣ, ನಿಮ್ಮ ಪರೀಕ್ಷೆ ಪಾಸಾದ್ರೆ ನಮಗೆ ಒಣ ಗೋಡೆ. ಫೇಲಾದ್ರೂ ನಮಗೆಂತ ನಷ್ಟ? ಸೋರುವ ಗೋಡೆ ಸೋರ್ತದೆ ಅಷ್ಟೇ!"

ಜೂನ್ ಕೊನೆಯ ಭಾನುವಾರ ಕುರ್ಲಾದಲ್ಲಿ ಗಾಡಿ ಬದಲಿಸಿ ಎರಡು ಮುಚ್ಚಿದ ಡಬ್ಬಿಗಳೊಂದಿಗೆ ಮಾಟುಂಗಕ್ಕೆ ಹೋದೆವು. ಗೋಡೆಯ ಮೇಲೆ ನೀರು ಸಣ್ಣ ಗೆರೆಗಳಾಗಿ ಇಳಿಯುತ್ತಿತ್ತು. ಇವರು ಮುಂಗೈ ಇಟ್ಟು ನೋಡಿದರು. ಒರಟು ಬಟ್ಟೆಯಿಂದ ಒಮ್ಮೆ ಒರೆಸಿ, ಅಗಲವಾದ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋದರು. ಕಂದು ಬಣ್ಣ. ಹುರಿದ ಗೇರುಬೀಜದ್ದೂ ಅಲ್ಲ, ಸುಟ್ಟದ್ದೂ ಅಲ್ಲ, ಎರಡರ ನಡುವಿನ ಒಂದು ವಾಸನೆ. ವಾಮನಣ್ಣ ಕಾಫಿ ತರಿಸಿದರು. ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಗೋಡೆಯ ಮೇಲಿನ ಗೆರೆಗಳು ನಿಂತಿದ್ದವು.

ಜುಲೈ ಪೂರ್ತಿ ನಾನು ಬುಧವಾರ ಬುಧವಾರ ಭಜನೆಗೆ ಹೋದಾಗ ಗೋಡೆ ಮುಟ್ಟಿ ಬರುತ್ತಿದ್ದೆ. ಒಂದು ದಿನ ನಗರದಲ್ಲಿ ಲೋಕಲ್ ನಿಂತುಹೋಗುವಷ್ಟು ಮಳೆ ಬಂತು. ಮರುವಾರ ಹೋಗಿ ನೋಡಿದರೆ ಉಳಿದ ಮೂರು ಗೋಡೆಗಳಲ್ಲಿ ಬೂಸ್ಟು. ಇದರಲ್ಲಿ ಇಲ್ಲ. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಕನ್ನಡಕ ತೆಗೆದು ಒರೆಸಿದರು.

ನಮ್ಮ ಸಂಘದಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಏನಾದರೂ ಸೇವೆ ಮಾಡಿದರೆ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ಅದರ ಬಗ್ಗೆ ಒಂದು ಪುಟ ಬರಲೇಬೇಕು. ಫ್ಯಾನ್ ಕೊಟ್ಟವರದ್ದೂ ಬರುತ್ತದೆ, ಜಮಖಾನೆ ಕೊಟ್ಟವರದ್ದೂ ಬರುತ್ತದೆ. ಸೇವೆ ಮಾಡಿದವರ ಮನೆಯವರೇ ಬರೆದುಕೊಡುವುದು. ವಾಮನಣ್ಣ ಜುಲೈ ಕೊನೆಯಲ್ಲಿ ಫೋನ್ ಮಾಡಿದರು.

"ಶಶಿಯಕ್ಕಾ, ಒಂದು ಪೇಜು. ನಿಮ್ಮ ಯಜಮಾನರನ್ನು ಕೇಳಿದ್ರೆ ಎರಡು ಗೆರೆ ಬರೆದು ಸಹಿ ಹಾಕ್ತಾರೆ. ನೀವು ಚಂದ ಮಾಡಿ ಬರೀರಿ. ದೋಣಿದೆಲ್ಲ ಹಾಕಿ. ನಮ್ಮ ಊರಿನದ್ದು ಬಂದ್ರೆ ಜನ ಓದ್ತಾರೆ."

ಎರಡು ಮಧ್ಯಾಹ್ನ ಕೂತು ಬರೆದೆ. ನಾನು ಬರೆದದ್ದು ಅಚ್ಚಾಗುವುದು ಅದೇ ಮೊದಲು. ದೋಣಿ ಹಾಕಿದೆ, ಗೇರುಬೀಜದ ಸಿಪ್ಪೆಯ ಎಣ್ಣೆ ಹಾಕಿದೆ, ಬೂದಿ ಹಾಕಿದೆ, ಒದ್ದೆ ಗೋಡೆಗೇ ಹಚ್ಚಬಹುದು ಎಂಬುದನ್ನೂ ಹಾಕಿದೆ. ಶನಿವಾರ ಬೆಳಿಗ್ಗೆ ಇವರು ಬಾಲ್ಕನಿಯಲ್ಲಿ ಗಡ್ಡ ಬೋಳಿಸುತ್ತಿದ್ದಾಗ ಪಕ್ಕದಲ್ಲಿ ನಿಂತು ಓದಿದೆ. ಇವರು ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು.

"ಬರೀ ಬೂದಿ ಅಂತ ಬರೀಬೇಡ ಮಾರಾಯ್ತಿ. ಜನ ಅಗರಬತ್ತಿ ಬೂದಿ ಅಂತ ತಿಳ್ಕೊಂಡಾರು. ಭತ್ತದ ಉಮಿ ಸುಟ್ಟ ಬೂದಿ ಅಂತ ಬರಿ."

ಬರೆದೆ. ಇವರು ಮುಖ ತೊಳೆದು ಬಂದು, "ಚಂದ ಉಂಟು. ಪ್ರೈಜ್ ಕೊಡುವಂಥದ್ದೇ" ಎಂದರು. ಏಳು ವರ್ಷ ಬೀಗದ ಕೋಣೆಯ ಪಕ್ಕ ಕೂತು ಕೆಲಸ ಮಾಡಿದವರಿಗೂ ಸಂಘದ ಸಂಚಿಕೆ ಹೊರಗಿನ ಲೋಕ ಎಂದು ಅನಿಸಲಿಲ್ಲ. ನನಗಂತೂ ಅದು ಮನೆಯೊಳಗಿನ ಮಾತು. ಅಲ್ಲಿ ಓದುವವರು ಯಾರು? ವಾಮನಣ್ಣ, ಭಜನೆಯ ಹೆಂಗಸರು, ನಾಮಕರಣಕ್ಕೆ ಬಂದವರು.

ಆಗಸ್ಟ್ ನಡುವಿನಲ್ಲಿ ಸಂಚಿಕೆ ಬಂತು. ಎರಡು ವಾರ ಕಳೆದು ಕಂಪನಿ ಇವರನ್ನು ಫೋರ್ಟ್‌ಗೆ ಕಳಿಸಿತು, ಪೇಟೆಂಟಿನ ವಕೀಲರ ಹತ್ತಿರ. ವಕೀಲರು ಮೊದಲೇ ಫೋನಿನಲ್ಲಿ ಕೇಳಿದ್ದರಂತೆ, ಇದನ್ನು ಎಲ್ಲಾದರೂ ಹೊರಗೆ ತೋರಿಸಿದ್ದೀರಾ ಎಂದು. ಸಂಘದ ಗೋಡೆಯ ವಿಷಯ ಇವರು ಹೇಳಿದರು. ಪರೀಕ್ಷೆಗಾಗಿ ಮಾಡಿದ್ದಾದರೆ ತೊಂದರೆಯಿಲ್ಲ, ಯಾವಾಗ ಮಾಡಿದ್ದು ಎಂಬುದಕ್ಕೆ ದಾಖಲೆ ತನ್ನಿ ಎಂದರಂತೆ. ಗೋಡೆಯ ಮುಂದೆ ಬ್ರಷ್ ಹಿಡಿದು ನಿಂತ ಇವರ ಫೋಟೋ, ಕೆಳಗೆ ದಿನಾಂಕ, ಇರುವುದು ಸಂಚಿಕೆಯಲ್ಲಿ. ಹೊರಡುವ ದಿನ ಬೆಳಿಗ್ಗೆ ಇವರ ಬ್ಯಾಗಿಗೆ ಅದನ್ನು ಹಾಕಿದವಳು ನಾನೇ. ಒದ್ದೆಯಾಗಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಾಕಿದೆ.

ವಕೀಲರು ದೇಶಪಾಂಡೆ ಮೇಡಂ ಎಂದು. ಹುಟ್ಟೂರು ಧಾರವಾಡ. ಬೇರೆ ಯಾರೇ ಆಗಿದ್ದರೂ ಫೋಟೋ ನೋಡಿ, ದಿನಾಂಕ ನೋಡಿ ಮುಚ್ಚಿಡುತ್ತಿದ್ದರು. ಅವರು ಓದಿದರು.

ಸಂಜೆ ಇವರು ಬಂದು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತರು. ಛತ್ರಿಯಿಂದ ನೀರು ನೆಲಕ್ಕೆ ಬೀಳುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಅದು ಪ್ರಕಟಣೆ ಅಂತೆ" ಎಂದರು. "ಅರ್ಜಿ ಹಾಕುವ ಮೊದಲೇ ಅಚ್ಚಾದರೆ ಅದು ಹೊಸತಲ್ಲ ಅಂತೆ. ಯಾವ ಭಾಷೆಯಲ್ಲಾದರೂ."

"ನಮ್ಮ ಸಂಚಿಕೆಯಾ?"

"ಬರೀ ಬೂದಿ ಅಂತಿದ್ರೆ ಪರವಾಗಿರಲಿಲ್ಲ ಅಂತೆ."

ಆಮೇಲೆ ಒಳಗೆ ಬಂದು ಕೂತು ಉಳಿದದ್ದು ಹೇಳಿದರು. ಕಾನೂನಿನಲ್ಲಿ ಒಂದು ಕಿಂಡಿಯಿದೆ. ಸಂಶೋಧಕನ ಒಪ್ಪಿಗೆಯಿಲ್ಲದೆ ಯಾರಾದರೂ ಪ್ರಕಟಿಸಿದ್ದರೆ, ಗೊತ್ತಾದ ಕೂಡಲೇ ಅರ್ಜಿ ಹಾಕಿದರೆ, ಉಳಿಯಬಹುದು. ಲೇಖನಕ್ಕೆ ಹೆಸರಿರುವುದು ಹೆಂಡತಿಯದ್ದು. ಗಂಡನಿಗೆ ತೋರಿಸದೆ ಕಳಿಸಿದೆ ಎಂದು ಹೆಂಡತಿ ಒಂದು ಹೇಳಿಕೆ ಬರೆದುಕೊಡಬಹುದೇ ಎಂದು ಚಿಕ್ಕ ಶೇಠ್ ಕೇಳಿದ್ದಾನೆ.

ನಾನು ಆಗಲಿ ಎಂದೆ. ಯೋಚಿಸಿ ಹೇಳಿದ್ದಲ್ಲ. ಹಾಲು ತಂದಿಡು ಎಂದರೆ ಆಗಲಿ ಎನ್ನುವ ಹಾಗೆ ಹೇಳಿದೆ. ಏನೋ ದೊಡ್ಡದು ಆಗಿದೆ ಎಂದು ತಿಳಿಯುತ್ತಿತ್ತು, ಆದರೆ ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಒಸಡಿನ ಹಾಗೆ, ಮುಟ್ಟಿದರೆ ಮುಟ್ಟಿದ್ದು ಮಾತ್ರ ಗೊತ್ತಾಗುತ್ತಿತ್ತು.

ಶುಕ್ರವಾರ ಹತ್ತರ ಲೋಕಲ್ ಹಿಡಿದೆವು. ಇವರು ಕಿಟಕಿಯ ಪಕ್ಕ ಕೂತು, ತಗ್ಗಿದ ದನಿಯಲ್ಲಿ, "ಇಂಗ್ಲಿಷಿನಲ್ಲಿ ಕೇಳ್ತಾರೆ. ಚಿಕ್ಕ ಶೇಠ್ ಕೂಡ ಇರ್ತಾನೆ. ಒಂದೇ ವಾಕ್ಯ ಹೇಳು, ಸಾಕು" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಏಳು ವರ್ಷ ಶಶಿ" ಎಂದರು. ಇವರು ನನ್ನನ್ನು ಯಾವುದಕ್ಕೂ ಬೇಡಿದವರಲ್ಲ. ಅದೊಂದೇ ಸಲ.

ನಾನು ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಕೂತೆ. ಮೈ ಹಸ್ಬೆಂಡ್ ಹ್ಯಾಡ್ ನೋ ನಾಲೆಡ್ಜ್ ಆಫ್ ಇಟ್. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪಾಠ ಒಪ್ಪಿಸುವುದನ್ನು ಚೆನ್ನಾಗಿ ಕಲಿಸಿದ್ದರು. ಬೆನ್ನು ನೆಟ್ಟಗೆ, ಎದುರಿನ ಗೋಡೆಯ ಮೇಲೆ ಒಂದು ಚುಕ್ಕೆ ನೋಡಿಕೊಂಡು, ಪೂರ್ತಿ ವಾಕ್ಯ. ಶಿವ್ಡಿ ಸ್ಟೇಷನ್ ದಾಟುವಷ್ಟರಲ್ಲಿ ಅದು ಯಾರದ್ದೋ ವಾಕ್ಯದಂತೆ ಸರಾಗವಾಗಿ ಬರುತ್ತಿತ್ತು.

ವಕೀಲರ ಆಫೀಸು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಮರದ ಮೆಟ್ಟಿಲು, ಹಿತ್ತಾಳೆಯ ಹಿಡಿ. ಕೆಳಗಿನ ಉಡುಪಿ ಹೋಟೆಲಿನ ಸಾಂಬಾರಿನ ಪರಿಮಳ ಅಲ್ಲಿಯವರೆಗೂ ಬರುತ್ತಿತ್ತು. ಚಿಕ್ಕ ಶೇಠ್ ಎದ್ದು ನಿಂತು, "ಆಯಿಯೇ ಭಾಭೀಜಿ, ಬಸ್ ಪಾಂಚ್ ಮಿನಿಟ್" ಎಂದ. ದೇಶಪಾಂಡೆ ಮೇಡಂ ಅರವತ್ತು ದಾಟಿದವರು, ಬಿಳಿ ಕೂದಲಿನ ಸಣ್ಣ ಗಂಟು, ಮೇಜಿನ ಮೇಲೆ ನಮ್ಮ ಸಂಚಿಕೆ. ಎರಡು ಪುಟದ ಹೇಳಿಕೆ ಟೈಪಾಗಿ ಸಿದ್ಧವಿತ್ತು. ಅವರು ಇಂಗ್ಲಿಷಿನಲ್ಲಿ ನನ್ನ ಹೆಸರು, ವಿಳಾಸ, ಓದಿದ್ದು ಎಲ್ಲಿ ಎಂದು ಕೇಳಿದರು. ಬೆನ್ನು ನೆಟ್ಟಗಿಟ್ಟು ಹೇಳಿದೆ. ಎಲ್ಲ ಸರಿಯಾಗಿ ಬಂತು.

ಆಗ ಚಿಕ್ಕ ಶೇಠ್‌ಗೆ ಫೋನ್ ಬಂತು. ಅವನು ಹೊರಗಿನ ಪಡಸಾಲೆಗೆ ಹೋದ. ಚಹಾ ಬಂತು. ಮೇಡಂ ಬಶಿಯನ್ನು ನನ್ನ ಕಡೆ ಸರಿಸಿ, ಸಂಚಿಕೆಯ ಹಾಳೆ ತಿರುವುತ್ತಾ ಹೇಳಿದರು.

"ಭಾಳ ಛಲೋ ಬರದೀರಿ ನೋಡ್ರಿ. ಆ ದೋಣಿ ವಿಷಯ ಓದಿ ನನಗ ಖರೇನ ಖುಷಿ ಆತು. ನಮ್ಮ ಕಡೆ ಎಲ್ಲೀ ದೋಣಿ, ಎಲ್ಲೀ ಸಮುದ್ರ! ಮನ್ಯಾಗ ಯಾರಿಗರೆ ಓದಿ ತೋರಿಸಿದ್ರೇನು?"

"ಇವರಿಗೆ ಓದಿದೆ" ಎಂದೆ. "ಬರೀ ಬೂದಿ ಅಂತ ಬರೆದಿದ್ದೆ. ಇವರು ಭತ್ತದ ಉಮಿ ಅಂತ ಸೇರಿಸ್ಲಿಕ್ಕೆ ಹೇಳಿದ್ರು."

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹೇಳಿಕೆಯ ಹಾಳೆಗಳು ಹಾರದಂತೆ ಮೇಲೊಂದು ಗಾಜಿನ ಗುಂಡು ಇಟ್ಟಿದ್ದರು. ಅದರೊಳಗೆ ಒಂದು ಗುಳ್ಳೆ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡು ಹೋಗಿದ್ದೆ, ಕನ್ನಡದಲ್ಲಿ ಏನೂ ಸಿದ್ಧ ಮಾಡಿರಲಿಲ್ಲ. ಕೇಳಿದ ಭಾಷೆಯಲ್ಲಿ ಇದ್ದದ್ದು ಬಾಯಿಗೆ ಬಂತು. ನಾನು ಸತ್ಯವಂತೆ ಎಂದು ಯಾರೂ ತಿಳಿಯಬಾರದು. ಮನೆಯಿಂದ ಹೊರಟವಳು ಸುಳ್ಳು ಹೇಳಲೆಂದೇ ಹೊರಟಿದ್ದೆ.

ಮೇಡಂ ಕಪ್ಪನ್ನು ಕೆಳಗಿಟ್ಟರು. ಸುಮ್ಮನೆ ಮಾತಿಗೆ ಕೇಳಿದ್ದರೋ, ತಿಳಿದೇ ಕೇಳಿದ್ದರೋ, ಅವರ ಮುಖದಲ್ಲಿ ನನಗೆ ತಿಳಿಯಲಿಲ್ಲ.

"ನಾ ಕೇಳಬಾರದಿತ್ರೀ" ಎಂದರು. "ಆದ್ರ ಈಗ ಕೇಳೇನಿ. ಕೇಳಿದ ಮ್ಯಾಲ ಕೇಳಿಲ್ಲ ಅನ್ನಾಕ ನನಗ ಬರಂಗಿಲ್ಲ."

ಇವರು ತಮ್ಮ ಬೆರಳ ತುದಿಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ತಲೆ ಎತ್ತಿ, "ಹೌದು ಮೇಡಂ, ನಾನೇ ಹೇಳಿದ್ದು" ಎಂದರು. ಮೇಡಂ ಹೇಳಿಕೆಯ ಎರಡು ಹಾಳೆಗಳನ್ನು ನಿಧಾನವಾಗಿ ಉದ್ದಕ್ಕೆ ಹರಿದರು. ಚಿಕ್ಕ ಶೇಠ್ ಫೋನ್ ಮುಗಿಸಿ ಒಳಗೆ ಬಂದು, "ಹೋ ಗಯಾ ಸೈನ್?" ಎಂದು ಕೇಳಿದ.

ವಾಪಸು ಬರುವಾಗ ಗಾಡಿ ಖಾಲಿಯಿತ್ತು. ವಡಾಲ ದಾಟಿತು. ಕಿಟಕಿಯ ಗಾಜಿನ ಮೇಲೆ ಹನಿಗಳು ಅಡ್ಡಕ್ಕೆ ಓಡುತ್ತಿದ್ದವು.

"ತಪ್ಪಾಯ್ತು" ಎಂದೆ.

"ಎಂತ ತಪ್ಪು? ನೀನು ಬೂದಿ ಅಂತ ಬರೆದಿದ್ದಿ. ಉಮಿ ಸೇರಿಸಿದ್ದು ನಾನು."

"ಇವತ್ತಿನದ್ದು."

ಇವರು ಹೊರಗೆ ನೋಡಿದರು. "ಇಂಗ್ಲಿಷಿನಲ್ಲೇ ಕೇಳ್ತಾರೆ ಅಂತ ಹೇಳಿದ್ದೂ ನಾನೇ ಅಲ್ವಾ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ನನಗೂ ಏನಾದರೂ ಸಿಗುತ್ತಿತ್ತು. ಚುನಾಭಟ್ಟಿಯಲ್ಲಿ ಒಬ್ಬಳು ಕ್ಲಿಪ್ ಮಾರುವವಳು ಹತ್ತಿದಳು. ನಾನು ಬೇಡದಿದ್ದರೂ ಆರು ಕ್ಲಿಪ್ ಕೊಂಡೆ.

ಪೇಟೆಂಟಿನ ಅರ್ಜಿ ಹಾಕಲಿಲ್ಲ. ಸೆಪ್ಟೆಂಬರಿನಲ್ಲಿ ಪ್ರಯೋಗಾಲಯ ನಿಂತಿತು. ಆ ಇಬ್ಬರು ಹುಡುಗಿಯರಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿದರು. ಒಬ್ಬಳು ಮನೆಗೆ ಬಂದು ಇವರ ಕಾಲಿಗೆ ನಮಸ್ಕಾರ ಮಾಡಿ ಹೋದಳು. ನನಗೂ ಮಾಡಿದಳು. ಅವಳಿಗೆ ಎಷ್ಟು ಗೊತ್ತಿತ್ತೋ ತಿಳಿಯದು. ಪೆಟ್ಟಿಗೆ ಮಳೆಗಾಲವನ್ನು ಕೊಳ್ಳುವವರು ಸಿಗುವವರೆಗೆ ಒಂದು ಹಳೆಯ ಚಾದರ ಹೊದಿಸಿಟ್ಟರು. ಇನ್ನು ಮುಂದೆ ಸಂಶೋಧನೆಗೆ ಖರ್ಚು ಮಾಡುವುದಿಲ್ಲ, ಇರುವುದನ್ನು ಮಾರೋಣ ಎಂದು ಅಪ್ಪ ಮಗ ಇಬ್ಬರೂ ಒಂದಾದರು.

ಬೀಗ ಗೆದ್ದಿತು. ದೊಡ್ಡ ಶೇಠರ ಲೆಕ್ಕ ಸರಳವಾಗಿತ್ತು. ಆ ಸಂಚಿಕೆಯಿಂದ ಯಾರಿಗಾದರೂ ಸಿಕ್ಕಿದರೂ ಸಿಗುವುದು ಎರಡು ವಸ್ತುವಿನ ಹೆಸರು. ಹದ ಸಿಗುವುದಿಲ್ಲ. ಹದ ಇರುವುದು ಸುಧಾಕರನ ಮೂಗಿನಲ್ಲಿ. ಆದ್ದರಿಂದ ಸುಧಾಕರ ಇನ್ನು ಬೀಗದ ಕೋಣೆಯೊಳಗೆ. ಎಣ್ಣೆ ಕಾಯಿಸುವುದು ಅವನೊಬ್ಬನೇ, ಯಾರಿಗೂ ಕಲಿಸುವ ಹಾಗಿಲ್ಲ. ಸಂಬಳ ಹೆಚ್ಚಾಯಿತು. ಎಣ್ಣೆಯ ಪೀಪಾಯಿಗೂ ಬೂದಿಯ ಚೀಲಕ್ಕೂ ಅಂಕಿ ಬಂತು. ಯಾವ ಅಂಕಿ ಎಂದು ನನಗೆ ಗೊತ್ತಿಲ್ಲ.

ಮಳೆ ಹಿಂದೆ ಸರಿದ ಒಂದು ಭಾನುವಾರ, ಬಾಲ್ಕನಿಯಲ್ಲಿ ಹಾಸಿಗೆ ಬಿಸಿಲಿಗೆ ಹಾಕಿ ಒಳಗೆ ಬಂದೆ. ಇವರು ಊಟದ ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟುಕೊಂಡು ಕೂತಿದ್ದರು. ಕಂಪನಿಯ ಕರಾರು. ಇವರು ಸಹಿ ಹಾಕಿ ಆಗಿತ್ತು.

"ಒಬ್ಬರು ಸಾಕ್ಷಿ ಬೇಕಂತೆ" ಎಂದರು.

"ಕೆಳಗಿನ ಮನೆಯ ಜೋಶಿಯವರನ್ನು ಕರೀಲಾ?"

"ಅವರು ಯಾಕೆ? ನೀನು ಉಂಟಲ್ಲ."

ಕೂತು ಪೂರ್ತಿ ಓದಿದೆ. ಕೆಲಸಕ್ಕೆ ಸಂಬಂಧಿಸಿದ ಯಾವುದೇ ವಿಷಯವನ್ನು, ಯಾವುದೇ ಭಾಷೆಯಲ್ಲಿ, ಬರಹದಲ್ಲಾಗಲಿ ಮಾತಿನಲ್ಲಾಗಲಿ, ಹೆಂಡತಿ ಮಕ್ಕಳೂ ಸೇರಿದಂತೆ ಯಾರಿಗೂ ತಿಳಿಸುವುದಿಲ್ಲ ಎಂದಿತ್ತು. ಯಾವುದೇ ಭಾಷೆಯಲ್ಲಿ ಎಂಬುದು ನಮಗಾಗಿಯೇ ಸೇರಿಸಿದ್ದಿರಬೇಕು. ಓದಿ ಮುಗಿಸಿ ಇವರ ಮುಖ ನೋಡಿದೆ. ಇವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಹಿಡಿದರು.

ಸಾಕ್ಷಿಯ ಹೆಸರು ಎಂಬಲ್ಲಿ ಹೆಸರು ಬರೆದೆ. ವಿಳಾಸ ಬರೆದೆ. ಸಹಿ ಮಾಡಿದೆ. ಕೊನೆಯಲ್ಲಿ, ಸಹಿ ಮಾಡಿದ ನೌಕರರೊಂದಿಗೆ ಸಾಕ್ಷಿಯ ಸಂಬಂಧ ಎಂದು ಒಂದು ಖಾನೆಯಿತ್ತು. ಪತ್ನಿ ಎಂದು ಬರೆದೆ. ಇವರು ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. ಅಂದಿನಿಂದ ಇಂದಿನವರೆಗೆ, ಎಂಟು ಗಂಟೆಗೆ ತಟ್ಟೆ ಮುಂದಿಟ್ಟಾಗಲೂ, ಒಂದು ದಿನವೂ ಅದನ್ನು ಮೀರಿಲ್ಲ.